ಮನೆಯ ಗಣಕಕ್ಕೆ ನೆಚ್ಚಿನ ಡಿಸ್ಕ್ ಯಾವುದು?

ನಮ್ಮ ಅವ್ವ ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು, ನಾನು ಹೊಸದಾಗಿ ನೌಕರಿಗೆ ಸೇರಿದ ಕಾಲದಲ್ಲಿ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆ. ಒಟ್ಟು 42 ಹಾಡುಗಳು. ಮುಂದೆ ಮನೆಗೆ ಕಂಪ್ಯೂಟರ್ ಬಂದಾಗ ಅವುಗಳನ್ನೆಲ್ಲ ಅದರೊಳಗೆ ಇಳಿಸಿ, ‘ಇನ್ನೇಕೆ ಇವು?’ ಎಂದು ಬೂಸು ಹಿಡಿದ ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆ. ಅಷ್ಟರಲ್ಲಿ ಅವ್ವನೂ ತೀರಿಕೊಂಡಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಉಟಗಿಯಲ್ಲಿ ವಿದ್ಯುತ್ತು ಮೂರು ಸಲ ಹೋಗಿ ಬಂದಿತು. ಆಮೇಲೆ ಕಂಪ್ಯೂಟರ್ ಚಾಲೂ ಆಗಲಿಲ್ಲ. ಪೆಟ್ಟಿಗೆಯೊಳಗಿಂದ ಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ಪೇಟೆಯ ಅಂಗಡಿಯ ಹುಡುಗ ಎರಡು ದಿನ ಇಟ್ಟುಕೊಂಡು ನೋಡಿ, “ಗುರುಗಳ, ಡಿಸ್ಕ್ ಹೋಗೇತ್ರಿ. ಹೊಸಾದು ಹಾಕಿ ಕೊಡ್ತೀನಿ, ಆದ್ರ ಒಳಗಿಂದು ಏನೂ ಬರೂದಿಲ್ರಿ” ಎಂದ. ಅವ್ವ ಎರಡನೆಯ ಸಲ ತೀರಿಕೊಂಡಳೆಂದು ನನಗನ್ನಿಸಿತು.

ಇಂದು ಮಕ್ಕಳ ಅಭ್ಯಾಸಕ್ಕಾಗಿ, ಲಗ್ನದ ಫೋಟೋಗಳಿಗಾಗಿ ಕಂಪ್ಯೂಟರ್ ಕೊಳ್ಳುವ ಪಾಲಕರು, “ಗುರುಗಳ, ಯಾವ ಕಂಪನಿ ಡಿಸ್ಕ್ ಚಲೋ?” ಎಂದು ನನ್ನನ್ನು ಕೇಳುತ್ತಾರೆ. ಕಳೆದುಕೊಂಡ ಮೇಲೆ ಕಲಿತವನು ನಾನು. ಕಲಿತಷ್ಟನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪೆಟ್ಟಿಗೆಯೊಳಗಿನ ಚಕ್ರ

ಹಾರ್ಡ್ ಡಿಸ್ಕ್ ಜಗತ್ತಿಗೆ ಬಂದದ್ದು 1956ರಲ್ಲಿ. ಅಮೇರಿಕೆಯ ಐಬಿಎಂ ಸಂಸ್ಥೆ ತಯಾರಿಸಿದ ಆ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದರ ತೂಕ ಸುಮಾರು ಒಂದು ಟನ್ನು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಗಲದ ಡಿಸ್ಕಿನಲ್ಲಿ ಒಂದು ಟೆರಾಬೈಟ್, ಎಂದರೆ ಒಂದು ಲಕ್ಷ ಕೋಟಿ ಬೈಟುಗಳು ಹಿಡಿಯುತ್ತವೆ. (ಕೊಂಡು ತಂದ ಮೇಲೆ ಕಂಪ್ಯೂಟರ್ 931 ಗಿಗಾಬೈಟ್ ಎಂದು ತೋರಿಸಿದರೆ ಮೋಸ ಹೋದೆವೆಂದು ತಿಳಿಯಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರವು 1,024ರ ಲೆಕ್ಕದಲ್ಲಿ ಎಣಿಸುತ್ತದೆ.)

ಒಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಅದರ ಮೇಲೆ, ತಟ್ಟೆಯನ್ನು ಮುಟ್ಟದೆ, ಓದುವ ಬರೆಯುವ ಮುಳ್ಳು ತೇಲುತ್ತಿರುತ್ತದೆ. ಎರಡರ ನಡುವಿನ ಅಂತರ ಕೆಲವೇ ನ್ಯಾನೋಮೀಟರು. ತಲೆಗೂದಲೊಂದರ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರು. ಇಷ್ಟು ಸೂಕ್ಷ್ಮವಾದ ಯಂತ್ರ ಒಂದು ದಿನ ಸವೆದು ನಿಲ್ಲುವುದು ಸಹಜ. ಅದು ವರ್ಷಗಟ್ಟಲೆ ನಡೆಯುವುದೇ ಸೋಜಿಗ.

ಹೆಸರಿಗಿಂತ ಮಾದರಿ ಮುಖ್ಯ

ಒಂದಾನೊಂದು ಕಾಲಕ್ಕೆ ಈ ಉದ್ಯಮದಲ್ಲಿ ಅನೇಕ ಸಂಸ್ಥೆಗಳಿದ್ದವು. ಇಂದು ತಿರುಗುವ ಡಿಸ್ಕ್ ತಯಾರಿಸುವವರು ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಶಿಬಾ. ಇವರಲ್ಲಿ ಒಬ್ಬರು ಉತ್ತಮರು, ಇನ್ನೊಬ್ಬರು ಕನಿಷ್ಠರು ಎಂದು ಹೇಳಲು ಬರುವುದಿಲ್ಲ. ಅಮೇರಿಕೆಯ ಬ್ಯಾಕ್‌ಬ್ಲೇಜ್ ಎಂಬ ಸಂಸ್ಥೆ ತನ್ನಲ್ಲಿ ಓಡುವ ಸಾವಿರಾರು ಡಿಸ್ಕುಗಳ ಲೆಕ್ಕವನ್ನು 2013ರಿಂದ ಪ್ರಕಟಿಸುತ್ತ ಬಂದಿದೆ. ಅದರ ಪ್ರಕಾರ ಒಂದು ವರ್ಷದಲ್ಲಿ ಕೆಟ್ಟ ಡಿಸ್ಕುಗಳ ಪ್ರಮಾಣ 2022ರಲ್ಲಿ ನೂರಕ್ಕೆ 1.37, 2023ರಲ್ಲಿ 1.70, 2024ರಲ್ಲಿ 1.57. ಅದೇ ಲೆಕ್ಕದಲ್ಲಿ ಸೀಗೇಟ್‌ನ 3 ಟೆರಾಬೈಟಿನ ಒಂದು ಮಾದರಿ ಬಹಳ ಬೇಗ ಕೆಟ್ಟಿತು, ಆದರೆ ಅದೇ ಸಂಸ್ಥೆಯ 4 ಟೆರಾಬೈಟಿನ ಮಾದರಿ ಚೆನ್ನಾಗಿ ಬಾಳಿತು. ಒಂದೇ ಮನೆಯ ಎತ್ತುಗಳೆಲ್ಲ ಒಂದೇ ತೆರನಾಗಿ ದುಡಿಯುವುದಿಲ್ಲವಷ್ಟೆ. ಆದ್ದರಿಂದ ಹೆಸರಿನ ಜೊತೆಗೆ ಮಾದರಿಯ ಸಂಖ್ಯೆಯನ್ನೂ ಕೇಳಿ ವಿಚಾರಿಸಬೇಕು.

ಕೆಲವು ಡಿಸ್ಕುಗಳ ವಿವರದಲ್ಲಿ ‘ಸರಾಸರಿ 10 ಲಕ್ಷ ಗಂಟೆ’ ಎಂದಿರುತ್ತದೆ. ವರ್ಷಕ್ಕೆ 8,760 ಗಂಟೆಗಳಂತೆ ಭಾಗಿಸಿದರೆ 114 ವರ್ಷಗಳಾಗುತ್ತವೆ. ಹಾಗೆಂದು ಡಿಸ್ಕ್ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆಂದು ತಿಳಿಯಬಾರದು. ಊರಿನಲ್ಲಿ ಅಂಥ 114 ಡಿಸ್ಕುಗಳು ಹಗಲಿರುಳು ಓಡುತ್ತಿದ್ದರೆ, ಸರಾಸರಿ ವರ್ಷಕ್ಕೆ ಒಂದು ಕೆಡುತ್ತದೆ ಎಂಬುದಷ್ಟೇ ಇದರ ಅರ್ಥ. ಆ ಒಂದು ಯಾರ ಮನೆಯದೆಂದು ಯಾವ ಕಂಪನಿಯೂ ಹೇಳಲಾರದು.

ಕೊಳ್ಳುವಾಗ ನೋಡಬೇಕಾದದ್ದು

ಮೊದಲನೆಯದಾಗಿ, ದಿನನಿತ್ಯದ ಕೆಲಸಕ್ಕೆ ಇಂದು ಎಸ್‌ಎಸ್‌ಡಿ ಎಂಬ ಚಕ್ರವಿಲ್ಲದ ಡಿಸ್ಕ್ ಮೇಲು. ಅದು ಬಲು ಚುರುಕು, ಸಣ್ಣಪುಟ್ಟ ಅಲುಗಾಟಕ್ಕೆ ಹೆದರುವುದಿಲ್ಲ. ಆದರೆ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರೊಳಗಿನ ವಿದ್ಯುದಂಶ ಸೋರಿ ಬರಹ ಅಳಿಯಬಹುದು. ಕಾದಿಡುವ ಸಂಗ್ರಹಕ್ಕೆ ತಿರುಗುವ ಡಿಸ್ಕೇ ಅಗ್ಗ ಮತ್ತು ಅನುಕೂಲ.

ಎರಡನೆಯದಾಗಿ, ವಾರಂಟಿ. ಮಾದರಿಗೆ ತಕ್ಕಂತೆ ಅದು 2, 3 ಅಥವಾ 5 ವರ್ಷ ಇರುತ್ತದೆ. ಹೆಚ್ಚು ವರ್ಷದ್ದನ್ನು ಆರಿಸುವುದು ಒಳಿತು. ಆದರೆ ನೆನಪಿರಲಿ, ವಾರಂಟಿ ಇರುವುದು ಪೆಟ್ಟಿಗೆಗೆ. ಒಳಗಿನ ಹಾಡಿಗೆ ಯಾರೂ ವಾರಂಟಿ ಕೊಡುವುದಿಲ್ಲ.

ಮೂರನೆಯದಾಗಿ, ಬಳಸಿದ ಡಿಸ್ಕನ್ನು ಹೊಸದೆಂದು ಮಾರಿದ ಪ್ರಕರಣಗಳು 2025ರಲ್ಲಿ ಯುರೋಪಿನಲ್ಲಿ ಬೆಳಕಿಗೆ ಬಂದವು. ಆದ್ದರಿಂದ ಬಿಲ್ಲು ಪಡೆಯಿರಿ, ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮನೆಗೆ ತಂದ ದಿನವೇ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ದಂಥ ಉಚಿತ ತಂತ್ರಾಂಶದಿಂದ ಅದು ಎಷ್ಟು ಗಂಟೆ ಓಡಿದೆಯೆಂದು ನೋಡಿ. ಹೊಸ ಡಿಸ್ಕ್ ಸಾವಿರಾರು ಗಂಟೆ ತೋರಿಸಿದರೆ ಕೂಡಲೇ ಮರಳಿಸಿ.

ನಾಲ್ಕನೆಯದಾಗಿ, ಓಲಾಡುವ ವಿದ್ಯುತ್ತಿನ ನಮ್ಮ ಊರುಗಳಲ್ಲಿ ಒಂದು ಯುಪಿಎಸ್ ಇಡುವುದು ಒಳ್ಳೆಯ ಡಿಸ್ಕ್ ಕೊಂಡಷ್ಟೇ ಅವಶ್ಯ. ಕಂಪ್ಯೂಟರನ್ನು ಗೋಡೆಗೆ ಒತ್ತಿ, ಬಟ್ಟೆ ಹೊದಿಸಿ ಓಡಿಸಬಾರದು. ತಿರುಗುತ್ತಿರುವ ಡಿಸ್ಕನ್ನು ಎತ್ತಿ ಕುಕ್ಕಬಾರದು.

ಒಂದನ್ನು ನೆಚ್ಚಬಾರದು

ಡಿಸ್ಕ್ ಕೆಡುವ ಮುನ್ನ ಸೂಚನೆ ಕೊಡುವುದಿಲ್ಲವೇ ಎಂದು ಕೇಳಬಹುದು. ಗೂಗಲ್ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿತು. ಕೆಟ್ಟ ಡಿಸ್ಕುಗಳಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿದವು, ಡಿಸ್ಕೇ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಲೆಕ್ಕದಲ್ಲಿ ಯಾವ ದೋಷವನ್ನೂ ತೋರಿಸಿರಲಿಲ್ಲ. ಸೂಚನೆ ಬಂದರೆ ಮಾತ್ರ ಅಸಡ್ಡೆ ಸಲ್ಲದು. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕಿಗಿಂತ 60 ದಿನಗಳೊಳಗೆ ಕೆಡುವ ಸಂಭವ 39 ಪಟ್ಟು ಹೆಚ್ಚೆಂದು ಅದೇ ವರದಿ ಹೇಳುತ್ತದೆ.

ಹಾಗಾದರೆ ನೆಚ್ಚಿನ ಡಿಸ್ಕ್ ಯಾವುದು? ನನ್ನ ಉತ್ತರವಿಷ್ಟೆ: ಒಂದು ಡಿಸ್ಕ್ ಎಷ್ಟೇ ಬೆಲೆಯದಾದರೂ ನೆಚ್ಚಬೇಡಿ. ಮಧ್ಯಮ ಬೆಲೆಯ ಎರಡನ್ನು ಕೊಳ್ಳಿ. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ, ಒಂದೇ ಕಂತಿನ ಮಾಲು ಒಟ್ಟಿಗೇ ಕೆಡಬಹುದು. ಒಂದು ಕಂಪ್ಯೂಟರಿನಲ್ಲಿರಲಿ, ಇನ್ನೊಂದು ತಿಂಗಳಿಗೊಮ್ಮೆ ಪ್ರತಿ ಮಾಡಿಕೊಂಡ ಮೇಲೆ ಬಿಚ್ಚಿ ಟ್ರಂಕಿನಲ್ಲಿರಲಿ. ಮೂರನೆಯ ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸಾರಿಸುವಂತೆ, ಪ್ರತಿಗಳನ್ನು ತೆರೆದು ನೋಡಿರಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಇದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ನೆರೆಯ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳ ತಾಳೆಯೋಲೆಗಳನ್ನು ಹುಡುಕಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅದು ಸಾಧ್ಯವಾದುದು ಓಲೆ ಗಟ್ಟಿಯಾಗಿದ್ದರಿಂದಲ್ಲ. ಹುಳ ಹಿಡಿಯುವ ಓಲೆಯನ್ನು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡಿ, ಹಲವು ಮನೆಗಳಲ್ಲಿ ಕಾದಿಟ್ಟವರಿದ್ದುದರಿಂದ.

ಕೊನೆಯದಾಗಿ, ಗಡಿಯೀಚೆಯ ನಮ್ಮಂಥ ಕುಟುಂಬಗಳಿಗೆ ಒಂದು ಮಾತು. ಹೊಲದ ಸಾತ್‌ಬಾರಾ ಉತಾರೆ ಕಳೆದರೆ ಸರಕಾರದ ದಫ್ತರದಿಂದ ಮತ್ತೆ ತೆಗೆಸಬಹುದು. ಶಾಲೆಯ ದಾಖಲೆಯ ನಕಲು ಶಾಲೆಯಲ್ಲಿ ಸಿಕ್ಕುತ್ತದೆ. ಆದರೆ ನಮ್ಮ ಮನೆಯ ಕನ್ನಡ, ಅಜ್ಜಿಯ ಹಾಡು, ಅಪ್ಪನ ಪತ್ರ, ಸೋಬಾನೆಯ ಪದ, ಇವುಗಳ ನಕಲು ಯಾವ ಕಚೇರಿಯಲ್ಲಿಯೂ ಇಲ್ಲ. ಅದು ಇರುವುದು ನಮ್ಮ ಮನೆಗಳಲ್ಲಿ ಮಾತ್ರ. ಡಿಸ್ಕಿನಲ್ಲಿ ಮೊದಲು ಕಾಯಬೇಕಾದುದು ಮತ್ತೆ ಸಿಗದ ಅದನ್ನೇ.

ನನ್ನ 42 ಹಾಡುಗಳಲ್ಲಿ 11 ಉಳಿದಿವೆ. ಸೊಲ್ಲಾಪುರದಲ್ಲಿರುವ ತಂಗಿಯ ಮಗಳು, ಅಜ್ಜಿಯ ದನಿ ಬೇಕೆಂದು ಹಿಂದೊಮ್ಮೆ ರಜೆಗೆ ಬಂದಾಗ ಅಷ್ಟನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದಳಂತೆ. “ಮಾವಾ, ನನ್ನ ಹಂತ್ಯಾಕ ಅದಾವ” ಎಂದು ಫೋನಿನಲ್ಲಿ ಹೇಳಿದ ದಿನ ನಾನು ಮಕ್ಕಳೆದುರಿಗೇ ಕಣ್ಣೊರಸಿಕೊಂಡೆ. ಈಗ ಆ ಹನ್ನೊಂದು ಹಾಡುಗಳು ಮೂರು ಊರುಗಳ ಮೂರು ಮನೆಗಳಲ್ಲಿವೆ. ಉಳಿದ 31 ಹಾಡುಗಳಿಗಾಗಿ ನಾನು ಯಾವ ಕಂಪನಿಯನ್ನೂ ದೂರುವುದಿಲ್ಲ. ತಿಂಗಳಿಗೊಂದು ಗಂಟೆ ಅವುಗಳಿಗಾಗಿ ತೆಗೆದಿಡಲಿಲ್ಲ, ತಪ್ಪು ನನ್ನದೇ.