ಹಂದಿ ಮರಿಗಳ ಭೇದಿ: ಹೆಸರು ಒಂದೇ, ತಳಿ ಹಲವು



"ಸಿಸ್ಟರ್, ಹೋದ ಸಲ ಮರಿಗಳಿಗೆ ಭೇದಿ ಆದಾಗ ಅಂಗಡಿಯಿಂದ ಮಾತ್ರೆ ತಂದು ಕೊಟ್ವಿ, ವಾಸಿ ಆಯ್ತು. ಈ ಸಲ ಅದೇ ಮಾತ್ರೆ ಕೊಟ್ರೂ ಮರಿ ಉಳೀಲಿಲ್ಲ. ಯಾಕೆ?" ಹಂದಿ ಸಾಕಲು ಸಂಘದಿಂದ ಸಾಲ ಪಡೆದವರು ಕೇಳುವ ಪ್ರಶ್ನೆ ಇದು. ಮರಿ ಸತ್ತರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಇದಕ್ಕೆ ಉತ್ತರ ನಾವೆಲ್ಲರೂ ತಿಳಿದಿರಬೇಕು.

ಒಂದೇ ಹೆಸರು, ಬೇರೆ ಬೇರೆ ಗುಣ

ಹಂದಿಯ ಕರುಳಿನಲ್ಲೂ ನಮ್ಮ ಕರುಳಿನಲ್ಲೂ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಹೆಚ್ಚಿನವು ನಿರುಪದ್ರವಿ. ಆದರೆ ಒಂದೇ ತಾಯಿಯ ಮಕ್ಕಳ ಗುಣ ಬೇರೆ ಬೇರೆ ಇರುವಂತೆ ಇದರಲ್ಲೂ ಅನೇಕ ತಳಿಗಳಿವೆ. ಭೇದಿ ತರುವ ತಳಿಗಳ ವಂಶವಾಹಿಯಲ್ಲಿ ಎರಡು ಆಯುಧಗಳಿರುತ್ತವೆ.

ಮೊದಲನೆಯದು, ಕರುಳಿನ ಗೋಡೆಗೆ ಅಂಟಿಕೊಳ್ಳುವ ಸಣ್ಣ ಎಳೆಗಳು. ಇವುಗಳಲ್ಲಿ ಎಫ್4 ಎಂಬುದು ಮುಖ್ಯ. ಎರಡನೆಯದು ವಿಷ. ಇಂಥ ಒಂದು ವಿಷ ಕಾಲರಾ ರೋಗಾಣುವಿನ ವಿಷವನ್ನೇ ಹೋಲುತ್ತದೆ. ಮೈಯ ನೀರು ಕರುಳಿಗೆ ಇಳಿದು, ಎಳೆ ಮರಿ ಒಂದೆರಡು ದಿನದಲ್ಲೇ ಸಾಯಬಹುದು. ಕೆಲವು ಮರಿಗಳ ಕರುಳಿನಲ್ಲಿ ಆ ಎಳೆ ಅಂಟಲು ಜಾಗವೇ ಇರುವುದಿಲ್ಲ. ಒಂದೇ ಸೂಲಿನಲ್ಲಿ ಕೆಲವು ಸತ್ತು ಕೆಲವು ಉಳಿಯಲು ಇದೂ ಒಂದು ಕಾರಣ.

ಹೆಪ್ಪು ಕೊಟ್ಟ ಹಾಗೆ

ನೆರೆಮನೆಗೆ ಹೆಪ್ಪು ಕೊಟ್ಟರೆ ನಮ್ಮ ಮೊಸರು ನಮ್ಮಲ್ಲೇ ಇರುತ್ತದೆ, ಅವರ ಮನೆಯಲ್ಲೂ ಮೊಸರಾಗುತ್ತದೆ. ಬ್ಯಾಕ್ಟೀರಿಯಾಗಳೂ ಹಾಗೆಯೇ ವಂಶವಾಹಿಯ ತುಂಡುಗಳನ್ನು ಒಂದಕ್ಕೊಂದು ದಾಟಿಸುತ್ತವೆ. ವಿಷ ಮಾಡುವ ಗುಣವೂ ಔಷಧಿಗೆ ಬಗ್ಗದ ಗುಣವೂ ಹೀಗೆ ಹರಡುತ್ತವೆ. ನಾವು ಪದೇ ಪದೇ ಆಂಟಿಬಯಾಟಿಕ್ ಕೊಟ್ಟರೆ ಬಗ್ಗುವವು ಸತ್ತು, ಬಗ್ಗದವು ಉಳಿದು ಹೆಚ್ಚುತ್ತವೆ. ಹೋದ ಸಲದ ಮಾತ್ರೆ ಈ ಸಲ ಸೋಲುವುದು ಇದರಿಂದಲೂ ಇರಬಹುದು.

ನಮ್ಮ ವಿದ್ಯಾರಣ್ಯಪುರಂನ ಸೂಯೆಜ್ ಫಾರಂ ನಿಮಗೆಲ್ಲ ಗೊತ್ತು. ನಗರದ ಕೊಳಚೆ ನೀರು ಶುದ್ಧೀಕರಣಕ್ಕೆ ಬಂದು ಸೇರುವ ಜಾಗ ಅದು. ಕೊಳಚೆಯಲ್ಲಿ ಜನರ, ಪ್ರಾಣಿಗಳ ರೋಗಾಣುಗಳು ಒಟ್ಟಿಗೆ ಸೇರುತ್ತವೆ. ಅಂಥ ಕಡೆ ಹಂದಿ ಮೇಯಲು ಬಿಟ್ಟರೆ ಹೊಸ ತಳಿಗಳನ್ನು ನಾವೇ ಮನೆಗೆ ಕರೆತಂದಂತೆ.

ಇದು ಹಂದಿಗೆ ಮಾತ್ರ ಸೇರಿದ ವಿಷಯವಲ್ಲ. ಕೊಲಿಸ್ಟಿನ್ ಎಂಬುದು ಬೇರೆ ಔಷಧಿ ನಾಟದಾಗ ವೈದ್ಯರು ರೋಗಿಗಳಿಗೆ ಕೊಡುವ ಕೊನೆಯ ಔಷಧಿಗಳಲ್ಲಿ ಒಂದು. ಅದಕ್ಕೆ ಬಗ್ಗದಂತೆ ಮಾಡುವ, ದಾಟಬಲ್ಲ ವಂಶವಾಹಿ ಹಂದಿಗಳ ಇ. ಕೋಲೈನಲ್ಲೂ ರೋಗಿಗಳಲ್ಲೂ ಇರುವುದನ್ನು 2015ರಲ್ಲಿ ಚೀನಾದ ವಿಜ್ಞಾನಿಗಳು ವರದಿ ಮಾಡಿದರು. 2019ರಲ್ಲಿ ನಮ್ಮ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ನಾವು ಏನು ಮಾಡಬೇಕು?

* ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಗಿಣ್ಣು ಹಾಲು ಕುಡಿಸಿ. ರೋಗ ತಡೆಯುವ ಶಕ್ತಿ ಅದರಲ್ಲಿದೆ.
* ದೊಡ್ಡಿಯ ನೆಲ ಒಣಗಿರಲಿ, ಮರಿಗಳು ಬೆಚ್ಚಗಿರಲಿ.
* ಹಂದಿಗಳನ್ನು ಕೊಳಚೆ, ಕಸದ ಕಡೆ ಬಿಡಬೇಡಿ.
* ಭೇದಿ ಕಂಡರೆ ಮರಿಯನ್ನು ಬೇರೆ ಇಟ್ಟು, ಶುದ್ಧ ನೀರು ಕುಡಿಸಿ, ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ವೈರಸ್‌ನಿಂದಲೂ ಭೇದಿ ಆಗುತ್ತದೆ. ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ.
* ಸಗಣಿಯ ಮಾದರಿ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಯಾವ ಔಷಧಿ ನಾಟುತ್ತದೆ ಎಂದು ಅದರಿಂದ ತಿಳಿಯುತ್ತದೆ.
* ದೊಡ್ಡಿ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮುಂದಿನ ವಾರದ ಸಭೆಯಲ್ಲಿ ಇದನ್ನು ಒಬ್ಬರು ಗಟ್ಟಿಯಾಗಿ ಓದಿ. ಉಳಿದ ಮಾತ್ರೆ ಯಾರ ಮನೆಯಲ್ಲಾದರೂ ಇದ್ದರೆ, ವೈದ್ಯರಿಗೆ ತೋರಿಸದೆ ಹಂದಿಗೆ ಕೊಡುವುದಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿ.