ಬ್ಯಾಟರಿ ಬೆಳಗಿನವರೆಗೆ ಬರುತ್ತಾ?

ಆಷಾಢದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟಿನ ಆಸೆ ಮರುದಿನಕ್ಕೇ. ‘ಬೆಳಗಿನವರೆಗೆ ಯುಪಿಎಸ್ ಬರುತ್ತೇನೋ?’ ಅಂದರು ಅಮ್ಮ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1800 ವ್ಯಾಟ್-ಅವರ್. ಮೀಟರಿನ ಲೆಕ್ಕದಲ್ಲಿ ಎರಡು ಯುನಿಟ್ಟೂ ಇಲ್ಲ! ಸೀಸ-ಆಮ್ಲದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕುಗ್ಗುತ್ತದೆ; ಹಾಗಾಗಿ ಕೈಗೆ ಸಿಗುವುದು 900. ಡಿಸಿಯನ್ನು ಎಸಿ ಮಾಡುವಾಗ ಯುಪಿಎಸ್ ಐದರಲ್ಲೊಂದು ಪಾಲು ತಿನ್ನುತ್ತದೆ ಎಂದಿಟ್ಟುಕೊಂಡೆ: 720. ಫ್ಯಾನು 75 ವ್ಯಾಟ್ (ಸೆಖೆಗಲ್ಲ, ಒದ್ದೆ ಬಟ್ಟೆ ಒಣಗಲಿಕ್ಕೆ), ಐದು ಎಲ್‌ಇಡಿ ಬಲ್ಬು 45. ಒಟ್ಟು 120, ಆರು ಗಂಟೆ. ಹತ್ತಕ್ಕೆ ಶುರುವಾದರೆ ನಾಲ್ಕಕ್ಕೆ ಕತ್ತಲೆ.

ಅಮ್ಮ ಫ್ಯಾನು ಆರಿಸಿದರು, ನಾಲ್ಕು ಬಲ್ಬನ್ನೂ. ಒಂಬತ್ತು ವ್ಯಾಟಿನ ಒಂದೇ ಬಲ್ಬಿಗೆ ಲೆಕ್ಕದಲ್ಲಿ 80 ಗಂಟೆ. ಅಷ್ಟು ಬರುವುದಿಲ್ಲ; ಯುಪಿಎಸ್ ಸುಮ್ಮನೆ ಗುಂಯ್‌ಗುಡುತ್ತಾ ಕೂತರೂ ಒಂದಿಷ್ಟು ಕುಡಿಯುತ್ತಲೇ ಇರುತ್ತದೆ.