ಜಗತ್ತನ್ನೇ ನಿಲ್ಲಿಸಿದ ನೀಲಿ ಪರದೆ: ಅದು ಸೈಬರ್ ದಾಳಿಯೇ?

2024ರ ಜುಲೈ 19ರಂದು ಜಗತ್ತಿನ ಎಷ್ಟೋ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ‘ಇದು ಸೈಬರ್ ದಾಳಿ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ಸುಳ್ಳು.

ಕಾರಣ, ಹ್ಯಾಕರ್‌ಗಳಿಂದ ಕಾಯಬೇಕಾದ ಕ್ರೌಡ್‌ಸ್ಟ್ರೈಕ್ ಕಂಪನಿಯದೇ ಒಂದು ಸಣ್ಣ ಅಪ್‌ಡೇಟ್. ತಂತ್ರಾಂಶದ ಬಳಿ ಇದ್ದದ್ದು 20 ಮಾಹಿತಿ. ಹೊಸ ಫೈಲ್ 21ನೆಯದನ್ನೂ ನೋಡು ಎಂದಿತು. ಇಲ್ಲದ್ದನ್ನು ಓದಲು ಹೋಗಿ ಕಂಪ್ಯೂಟರ್ ಕುಸಿಯಿತು.

ಹಾಗಾದರೆ ಟೆಸ್ಟಿಂಗ್ ಮಾಡಿರಲಿಲ್ಲವೇ? ಮಾಡಿದ್ದರು. ಆದರೆ ಆಗ 21ನೆಯ ಜಾಗಕ್ಕೆ ‘ಏನಿದ್ದರೂ ಸರಿ’ ಎಂದು ಬಿಟ್ಟಿದ್ದರಿಂದ ಕೊರತೆ ಕಣ್ಣಿಗೇ ಬೀಳಲಿಲ್ಲ.

ಸಣ್ಣ ಬದಲಾವಣೆಗಳನ್ನು ಬೇಗ ಬೇಗ ಬಿಡುಗಡೆ ಮಾಡುವ ‘ಅಜೈಲ್’ ಪದ್ಧತಿ ತಪ್ಪಲ್ಲ. ಮೊದಲು ಕೆಲವರಿಗೆ ಕೊಟ್ಟು ನೋಡಬೇಕು, ಅಷ್ಟೇ. ಈ ಫೈಲ್ ಒಮ್ಮೆಲೇ ಎಲ್ಲೆಡೆ ಹೋಯಿತು. 78 ನಿಮಿಷಗಳಲ್ಲಿ ಹಿಂಪಡೆದರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು ಕೆಟ್ಟಿದ್ದವು.

ಇದನ್ನೇ ನೆಪ ಮಾಡಿಕೊಂಡು ‘ಫೋನ್ ಅಪ್‌ಡೇಟ್ ಮಾಡಲೇಬೇಡಿ’ ಎನ್ನುವ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಹಳೆಯ ಭದ್ರತಾ ದೋಷಗಳು ಮುಚ್ಚುವುದು ಅಪ್‌ಡೇಟ್‌ನಿಂದಲೇ. ಅಂದಹಾಗೆ, ಪಕ್ಕದವರ ವಾಟ್ಸಾಪ್‌ಗೆ ಬಂದ ಹೊಸ ಸೌಲಭ್ಯ ನಿಮಗಿನ್ನೂ ಬಂದಿಲ್ಲವೇ? ಹೆಚ್ಚಾಗಿ ಅದಕ್ಕೆ ಕಾರಣ ಇದೇ ಹಂತ ಹಂತದ ಬಿಡುಗಡೆ.